ಭಾವ ಹೊಂಡಕ್ಕೆ ನಡೆದುಹೋದದ್ದು

ಮಧ್ಯಾಹ್ನ ಮೂರೂಕಾಲಿಗೆ ಭಾವ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ಕಣ್ಣು ಬಿಟ್ಟುಕೊಂಡೇ, ಕೃಷಿ ಹೊಂಡದೊಳಗೆ ನಡೆದುಹೋದರು. ಬದು ತಿರುಗುವಲ್ಲಿ ಅವರು ತಿರುಗಲಿಲ್ಲ, ಅಷ್ಟೆ.

ನೀರು ಇಂಗದಿರಲೆಂದು ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿರುತ್ತಾರೆ. ನೀರು ಇಂಗುವುದಿಲ್ಲ. ಬಿದ್ದವರು ಮೇಲೆ ಹತ್ತುವುದೂ ಇಲ್ಲ.

ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ರಜೆಗೆಂದು ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ, ಅಕ್ಕನ ಮನೆಗೆ ಹೋಗಿದ್ದೆ. ರೇಷ್ಮೆ ಹುಳು ಪೊರೆ ಬಿಡುವಾಗ ಮೇಯುವುದಿಲ್ಲ. ಅದನ್ನು ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಮನೆಯವರಿಗೆ ನಿದ್ದೆ. ಹಿಂದಿನಿಂದಲೂ ಇದ್ದ ಏರ್ಪಾಡು. ಆ ವರ್ಷ ಗೂಡಿಗೆ ಒಳ್ಳೆಯ ಬೆಲೆಯಿತ್ತು. ಭಾವ ಎರಡನೇ ಹುಳುಮನೆ ಕಟ್ಟಿ, ಅಲ್ಲಿಗೆ ಒಂದು ವಾರ ತಡವಾಗಿ ಹುಳು ತಂದರು. ಇಲ್ಲಿನವು ಮಲಗಿದಾಗ ಅಲ್ಲಿನವು ಮೇಯುತ್ತಿದ್ದವು. ಗಂಡ ಹೆಂಡತಿ ಯಾವಾಗ ಮಲಗಬೇಕೆಂದು ಯಾರೂ ಯೋಚಿಸಿರಲಿಲ್ಲ.

ಅಂದು ಊಟದ ಹೊತ್ತಿಗೇ ಭಾವ ತಟ್ಟೆಯ ಕಡೆಗೆ ವಾಲುತ್ತಿದ್ದರು.

"ಮುದ್ದೆ ಮೇಲೆ ಮಲಗ್ಬೇಡ್ರೀ, ಸಾರೆಲ್ಲ ಮೀಸೆಗಾಯ್ತದೆ" ಎಂದಳು ಅಕ್ಕ.

"ಮಲ್ಗಿಲ್ಲ ಕಣೇ, ಯೋಚ್ನೆ ಮಾಡ್ತಾ ಇವ್ನಿ." ಕಣ್ಣು ಮುಚ್ಚಿಯೇ ಹೇಳಿದರು. ಎಲ್ಲರೂ ನಕ್ಕೆವು.

ಬದುವಿನ ಮೇಲೆ ನಾನು ಅವರ ಹಿಂದೆಯೇ ಇದ್ದೆ. ಕೂಗಿದೆನೋ ಇಲ್ಲವೋ ನೆನಪಿಲ್ಲ. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅಕ್ಕ ಓಡಿಬಂದಳು. ಪಕ್ಕದಲ್ಲಿ ಸುತ್ತಿಟ್ಟಿದ್ದ ಡ್ರಿಪ್ ಪೈಪನ್ನು ಬಿಚ್ಚಿ ಎಸೆದೆವು. ಭಾವ ಹಿಡಿದರು, ಅರ್ಧ ಹತ್ತಿದರು, ಜಾರಿ ಮುಳುಗಿದರು. ತಲೆ ಮತ್ತೆ ಮೇಲೆ ಬರಲು ಎಷ್ಟು ಹೊತ್ತಾಯಿತೆಂದು ಅಕ್ಕ ಒಂದು ಹೇಳುತ್ತಾಳೆ, ನನಗೆ ಇನ್ನೊಂದು ತೋರುತ್ತದೆ. ಕೊನೆಗೆ ಎಳೆದುಹಾಕಿದೆವು.

ಬದುವಿನ ಮೇಲೆ ಕೆಮ್ಮುತ್ತಾ ಭಾವ ಹೇಳಿದ ಮೊದಲ ಮಾತು: "ಸೊಪ್ಪೆಲ್ಲ ನೆಂದೋಯ್ತು. ಇದ್ನ ಹಾಕುದ್ರೆ ಹುಳ ಸಾಯ್ತವೆ."

"ಹುಳ ಯಾತಕ್ಕೆ ಸಾಯ್ತವೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು ನಿಮ್ಗೆ" ಎಂದಳು ಅಕ್ಕ.

ಸಂಜೆಯೇ ಅವಳು ಎರಡನೇ ಮನೆಯ ಹುಳುಗಳನ್ನೆಲ್ಲ ಪಕ್ಕದ ತೋಟದವರಿಗೆ ಕೊಟ್ಟುಬಿಟ್ಟಳು.

"ಅಷ್ಟೂ ಬಿಟ್ಟಿಯೇನೇ?"

"ನೀವೇನು ನಂಗೆ ಬಿಟ್ಟಿ ಸಿಕ್ಕಿದ್ರಾ?"

ಉಳಿದ ಹುಳು ಗೂಡು ಕಟ್ಟುವವರೆಗೆ ನಾನೂ ಅಲ್ಲೇ ಉಳಿದು ಸೊಪ್ಪು ಹಾಕಿದೆ. ನಾನು ಮಲಗಿದರೆ ಕನಸಿನಲ್ಲಿ ಭಾವ ಬದುವಿನ ತಿರುವಿನಲ್ಲಿ ನೇರವಾಗಿ ಹೋಗುತ್ತಿದ್ದರು. ಎದ್ದು ನೋಡಿದರೆ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತಿದ್ದರು. ಮತ್ತೆ ಮಲಗಿದರೆ ಮತ್ತೆ ಹೋಗುತ್ತಿದ್ದರು.

ಗೂಡನ್ನು ಮಾರುಕಟ್ಟೆಗೆ ಹಾಕಿ ಬಂದ ದಿನ ಮೂವರೂ ಕತ್ತಲಾಗುತ್ತಲೇ ಮಲಗಿದೆವು. ಎದ್ದಾಗ ಅಂಗಳದ ತುಂಬ ಬಿಸಿಲಿತ್ತು, ಹಸು ಕೂಗುತ್ತಿತ್ತು. ಆ ದಿನ ನಮ್ಮ ಮನೆಯಿಂದ ಡೈರಿಗೆ ಹಾಲು ಹೋಗಲಿಲ್ಲ.