ಬುಟ್ಟಿಯ ಎರಡು ಕಿಲೋ

ಮಾವಿನಕುರ್ವೆಯ ಸುಚಿತಾಳ ಕಾಲು ಒಂದು ಕಡೆ ನಿಂತದ್ದನ್ನು ಕಂಡವರಿಲ್ಲ. ಬೆಳಿಗ್ಗೆ ದೋಣಿ ಬಂದು ನಿಲ್ಲುವ ಧಕ್ಕೆಯಲ್ಲಿ ಮೀನು ಕೊಂಡು ಬುಟ್ಟಿ ಹೊತ್ತಳೆಂದರೆ, ಹೊನ್ನಾವರದ ಓಣಿಗಳನ್ನೆಲ್ಲ ತಿರುಗಿ ಮನೆ ಸೇರುವುದು ಮಧ್ಯಾಹ್ನ ಕಳೆದ ಮೇಲೆಯೇ.

"ಇಷ್ಟು ನಡೀತ್ಯಲ್ಲೇ, ಮೈ ಎಂತಕ್ಕೆ ಇಳಿಯೂದಿಲ್ಲ? ಕದ್ದು ತಿಂತ್ಯಾ?" ಎಂದು ಗಿರಾಕಿಗಳು ನಗುತ್ತಿದ್ದರು.

"ಹೌದು, ನಿಮ್ಗೆ ತಂದ ಬಂಗಡೆ ದಾರೀಲಿ ನಾನೇ ನುಂಗ್ತೆ!" ಎಂದು ಅವಳೂ ನಗುತ್ತಿದ್ದಳು. ನಕ್ಕವಳೇ ಸೆರಗೆಳೆದು ಸೊಂಟ ಮುಚ್ಚಿಕೊಳ್ಳುತ್ತಿದ್ದಳು.

ಮೈ ಇಳಿಯದ್ದಕ್ಕೆ ಕಾರಣ ಕುಮಟಾದ ಡಾಕ್ಟರು ಹೇಳಿದ್ದರು: ಪಿಸಿಓಎಸ್. ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುತ್ತದೆ, ತೂಕ ಸುಲಭಕ್ಕೆ ಇಳಿಯುವುದಿಲ್ಲ. ಇಪ್ಪತ್ತಾರರ ಸುಚಿತಾಳಿಗೆ ಮಾತ್ರೆ ನುಂಗಿದರೆ ಮಾತ್ರ ಮುಟ್ಟು. "ಎಪ್ಪತ್ನಾಲ್ಕು ಕಿಲೋ ಇದ್ದೀಯಮ್ಮ. ನಾಲ್ಕು ಇಳಿದರೆ ಅದು ತಾನಾಗಿಯೇ ಬರಬಹುದು. ಎರಡು ತಿಂಗಳು ಬಿಟ್ಟು ಬಾ."

ಅಂದಿನಿಂದ ಅವಳ ತಟ್ಟೆಯ ಅನ್ನ ಅರ್ಧವಾಯಿತು. ಗಿರಾಕಿ ಮನೆಗಳ ಸಕ್ಕರೆ ಚಾ ಬೇಡವೆಂದಳು, "ದೊಡ್ಡ ಜನ ಆದ್ಯನೇ?" ಎಂದು ಕೆಲವರು ಮುನಿಸಿಕೊಂಡರು. ಗಳಿಗೆಗೊಮ್ಮೆ ಕ್ಯಾಲೆಂಡರ್ ನೋಡುವುದು, ಸೊಂಟದ ನೆರಿಗೆ ಸಡಿಲವಾಯಿತೇ ಎಂದು ಎಳೆದು ನೋಡುವುದು. ಮುಟ್ಟಿನ ಸುಳಿವಿಲ್ಲ.

ಕುಮಟಾಕ್ಕೆ ಹೋಗುವ ಹಿಂದಿನ ದಿನ ತಡೆಯಲಾಗಲಿಲ್ಲ. ಧಕ್ಕೆಯಲ್ಲಿ ದೇವರಾಜ ಮೀನು ತೂಗುವ ಯಂತ್ರವನ್ನು ಹತ್ತಿಯೇಬಿಟ್ಟಳು. ಎಪ್ಪತ್ತು!

"ಗಂಗತ್ತೆ, ಇಳೀತು! ಸಮಾ ನಾಲ್ಕು ಕಿಲೋ!" ಎಂದು ಜೊತೆಗೆ ಮೀನು ಮಾರುವ ಸೋದರತ್ತೆಯನ್ನು ಕೂಗಿದಳು.

ದೇವರಾಜ ತಲೆ ಕೆರೆದುಕೊಂಡ. "ಏ ಸುಚಿತಾ, ಅದು ಬುಟ್ಟಿ ತೂಕ ಎರಡು ಕಿಲೋ ಕಳ್ದು ತೋರಿಸ್ತದೆ. ದಿನಾ 'ದೇವಣ್ಣ, ಬುಟ್ಟಿ ಕಳೀದೆ ತೂಗ್ಬೇಡ' ಅಂತ ಜಗಳ ತೆಗಿಯೋಳು ನೀನೇ ಅಲ್ವನೇ?"

ಸುಚಿತಾ ಇಳಿದಳು.

ಗಂಗಿ ಎಲೆಯಡಿಕೆ ಉಗಿದು ಬಂದಳು. "ಖಾಲಿ ಬುಟ್ಟಿ ತಲೆ ಮೇಲಿಟ್ಕಂಡು ನಿಲ್ಲು. ಲೆಕ್ಕ ಸಮ ಆತು."

ಎಪ್ಪತ್ತೆರಡು.

"ಎರಡೇ ಅತ್ತೆ."

ಗಂಗಿ ಬುಟ್ಟಿ ಇಳಿಸಿ, ಎರಡು ಕಿಲೋ ಬಂಗಡೆ ತೂಗಿಸಿ ಅದರೊಳಗೆ ಸುರಿದಳು. "ಇಷ್ಟು ನಿನ್ನ ಮೈಮೇಲೆ ಇತ್ತು. ಈಗಿಲ್ಲ. ನಾಳೆ ಡಾಕ್ಟರಿಗೆ ಎರಡು ಅಂತ್ಲೇ ಹೇಳು."

ಸುಚಿತಾ ಬಗ್ಗಿ ನೋಡಿದಳು. ರಾಶಿ ಸಣ್ಣದೇನಲ್ಲ. ಇನ್ನೆರಡು ಯಾವಾಗಲೋ, ಮುಟ್ಟು ಯಾವಾಗಲೋ ಎಂಬ ಚಡಪಡಿಕೆ ಹೋಗಲಿಲ್ಲ. ಬುಟ್ಟಿ ಹೊತ್ತು ನಡೆದಳು. ಮೊದಲ ಮನೆಯಲ್ಲೇ ಚಾ ಬಂತು.

"ಸಕ್ಕರೆ ಹಾಕದೆ ಇನ್ನೊಂದು ಮಾಡಿ ಅಕ್ಕ," ಎಂದಳು. "ಅಲ್ಲೀವರೆಗೆ ನಾ ಮೀನು ಕೊಯ್ತೆ."