ಬಾಳಪ್ಪನ ಗೇಟು, ನನ್ನ ತೊಗರಿಬೇಳೆ

ಕುರ್ಲಾದಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆಯೇ ನದಿ. ಉಬ್ಬರದ ಹೊತ್ತಿಗೆ ಸಮುದ್ರದ ನೀರು ಒಳಗೆ ನುಗ್ಗಬಾರದೆಂದು ಅದಕ್ಕೊಂದು ಗೇಟು ಇತ್ತು. ಆದರೂ ನಾವೆಲ್ಲ ಕುಡಿಯುವ ನೀರಿನ ಬಾವಿ ಆಗಾಗ ಉಪ್ಪಾಗತೊಡಗಿತು. ಬಿ.ಎ. ಓದಿದವಳು ನಾನು, ಬರೀ ನಾಲಗೆಯನ್ನು ನಂಬಲಿಲ್ಲ. ಉಪ್ಪುನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಬೇಳೆ ಬೇಯದ ದಿನಗಳಿಗೆಲ್ಲ ನನ್ನ ಅಡಿಗೆಯ ನೋಟುಬುಕ್ಕಿನಲ್ಲಿ ಗುರುತು ಹಾಕಿ, ಅದನ್ನು ಹಿಡಿದುಕೊಂಡು ಗೇಟು ಕಾಯುವ ಬೆಳಗಾವಿ ಕಡೆಯ ಬಾಳಪ್ಪನ ಹತ್ತಿರ ಹೋದೆ.

“ಉಬ್ಬರ ಬಂದಾಗ ಗೇಟು ಮುಚ್ಚುತ್ತೀಯೋ ಇಲ್ಲವೋ?”

“ದಿನಾ ಮುಚ್ಚತೇನ್ರಿ ಬಾಯಾರ, ದೇವರಾಣಿ!”

“ಹಾಗಾದರೆ ಮಂಗಳವಾರ ಬೇಳೆ ಯಾಕೆ ಬೇಯಲಿಲ್ಲ? ಶುಕ್ರವಾರ ಯಾಕೆ ಬೇಯಲಿಲ್ಲ?”

ಅವನು ಪುಸ್ತಕದತ್ತ ಬಗ್ಗಿ ನೋಡಿ ನಕ್ಕ. “ಬಾಜೂಕ ಬರೆದದ್ದನ್ನೂ ಓದ್ರೆಲಾ.”

ಓದಿದೆ. ಮಂಗಳವಾರ, ಸಿಗಡಿ ಗಸಿ, ಸಿಗಡಿ ಬಹಳ ತಾಜಾ. ಶುಕ್ರವಾರವೂ ಸಿಗಡಿಯೇ. ಎರಡೂ ದಿನ ಅದನ್ನು ನಮ್ಮ ಬಾಗಿಲಿಗೆ ತಂದುಕೊಟ್ಟವನು ಇದೇ ಬಾಳಪ್ಪ.

“ಗೇಟ್ ತೆರೀದಿದ್ರ ಸಿಗಡಿ ಹಾರಿ ಬರ್ತಾವೇನ್ರಿ?”

ಇನ್ನು ಮುಂದೆ ಬಿಗಿಯಾಗಿ ಮುಚ್ಚು ಎಂದು ಗದರಿಸಿ ಬಂದೆ. ಮುಚ್ಚಿದ. ಬಾವಿ ಸಿಹಿಯಾಯಿತು. ಮುಂದಿನ ಪುಟಗಳಲ್ಲೆಲ್ಲ ಒಂದೇ ಸಾಲು ಇದೆ: ಬೇಳೆ ಚೆನ್ನಾಗಿ ಬೆಂದಿದೆ, ಊಟವನ್ನು ಯಾರೂ ಹೊಗಳಲಿಲ್ಲ.