ಬದಲಾಯಿಸಿಕೊಂಡ ವಾಗ್ದಾನದ ಕಾರ್ಡು

ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ನಮ್ಮ ಶಿವಮೊಗ್ಗದ ಚರ್ಚಿನಲ್ಲಿ ಪಾಸ್ಟರು ಒಂದು ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಅದರಲ್ಲಿ ವಾಗ್ದಾನದ ಕಾರ್ಡುಗಳನ್ನು, ಅಂದರೆ ಬೈಬಲ್ ವಾಕ್ಯ ಬರೆದ ಕಾರ್ಡುಗಳನ್ನು, ಬೋರಲು ಹಾಕಿರುತ್ತಿದ್ದರು. ಕೈಗೆ ಬಂದದ್ದೇ ಆ ವರ್ಷಕ್ಕೆ ದೇವರು ನಮಗೆ ಹೇಳುವ ಮಾತು. ದುರ್ಗಿಗುಡಿಯಲ್ಲಿ ಹಳೇ ಫರ್ನಿಚರ್ ಅಂಗಡಿ ಇಟ್ಟಿದ್ದ ನಾನು ಒಂದು ವರ್ಷ ಸಮೃದ್ಧಿಯ ವಾಕ್ಯ ಬಯಸಿ ಕೈ ಹಾಕಿದೆ. ಬಂದದ್ದು, ಮೊದಲು ಸಹೋದರನೊಡನೆ ರಾಜಿಯಾಗು ಎಂಬುದು.

ಭದ್ರಾವತಿಯ ತಮ್ಮನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಚೌಕಾಸಿಯಲ್ಲಿ ಪಳಗಿದ ನನ್ನನ್ನು ಕರೆಯದೆ ಅವನು ಹೊಸ ಮನೆಗೆ ಟೈಲ್ಸ್ ಕೊಂಡಿದ್ದ. ನನಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ?

"ಪಾಸ್ಟರೇ, ಇದು ಬೇರೆ ಯಾರದ್ದೋ ಇರಬೇಕು. ಇನ್ನೊಂದು ತೆಗೀತೀನಿ," ಎಂದೆ.

"ತೆಗೀರಿ. ಕಾರ್ಡು ಬದಲಾಗುತ್ತೆ, ತಮ್ಮ ಅವನೇ ಇರ್ತಾನಲ್ಲ ಮಾರಾಯ್ರೆ!"

ಎರಡನೆಯದರಲ್ಲಿ ಆಶೀರ್ವಾದ ಬಂತು. ಗಲ್ಲಾದ ಮೇಲೆ ಅಂಟಿಸಿದೆ. ನನ್ನ ಸಲಹೆ ಕೇಳಿ: ಮನಸ್ಸು ಕಲ್ಲಾಗಿರುವಾಗ ಬೈಬಲ್ ತೆರೆಯಬೇಡಿ, ಬೈಗುಳವೆಲ್ಲ ಪಕ್ಕದವನಿಗೆ, ಆಶೀರ್ವಾದವೆಲ್ಲ ನಮಗೇ ಬರೆದಂತೆ ಕಾಣುತ್ತದೆ.

"ರೀ, ಎಕ್ಸ್‌ಚೇಂಜ್ ಮಾಲಿಗೆ ಗ್ಯಾರಂಟಿ ಇರುತ್ತಾ?" ಎಂದು ಹೆಂಡತಿ ದಿನಾ ಕೇಳುತ್ತಿದ್ದಳು. ಆಶೀರ್ವಾದ ಓದಿದಾಗಲೆಲ್ಲ ನನಗೆ ಬಿಟ್ಟುಬಂದ ವಾಕ್ಯವೇ ನೆನಪಾಗುತ್ತಿತ್ತು.

ವಾರ ತಡೆದು ಭದ್ರಾವತಿ ಬಸ್ಸು ಹತ್ತಿದೆ. ಅವನೇ ಮೊದಲು ಕ್ಷಮೆ ಕೇಳುವಂತೆ ಮಾಡುವುದು ಹೇಗೆಂದು ದಾರಿಯುದ್ದಕ್ಕೂ ಉಪಾಯ ಹೂಡಿದೆ.

ತಮ್ಮ ಬಾಗಿಲು ತೆರೆದು, "ಊಟದ ಹೊತ್ತಿಗೆ ಸರಿಯಾಗಿ ಬಂದೆ ಅಣ್ಣ, ಕೈ ತೊಳ್ಕೋ," ಎಂದ.

ಎದುರಿನವನು ಏನೂ ಕೇಳದೆ ಕೊಟ್ಟುಬಿಟ್ಟರೆ ಚೌಕಾಸಿ ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಕೈ ತೊಳೆದು ಅವನ ಪಕ್ಕ ಕುಳಿತೆ.